ಕಲ್ಪಿತಯಂತ್ರಗಳ ಗೇಣಿವಿಚಾರ

ಭಾರತದ ನ್ಯಾಯಾಲಯಗಳ ಗಣಕೀಕರಣದ ಎರಡನೆಯ ಹಂತಕ್ಕಾಗಿ ಸರ್ವೋಚ್ಚ ನ್ಯಾಯಾಲಯದ ಇ-ಸಮಿತಿಯು 2014ರಲ್ಲಿ ಸಿದ್ಧಪಡಿಸಿದ ನೀತಿಪತ್ರದಲ್ಲಿ ಒಂದು ಚಿಕ್ಕ ವಿಧಿಯುಂಟು. ಮೊದಲನೆಯ ಹಂತದಲ್ಲಿ ನ್ಯಾಯಾಲಯ ಸಂಕೀರ್ಣಗಳೊಳಗೆ ಏರ್ಪಟ್ಟ ಸರ್ವರು ಕೊಠಡಿಗಳನ್ನು ಇನ್ನು ಮುಂದೆ ನೆಟ್‌ವರ್ಕ್ ಕೊಠಡಿಗಳೆಂದು ಉಳಿಸಿಕೊಂಡು, ಸರ್ವರುಗಳ ಕೆಲಸವನ್ನು ‘ಕ್ಲೌಡ್’ ಎಂದು ಕರೆಯಲ್ಪಡುವ ದೂರದ ಯಂತ್ರಸಮುದಾಯಕ್ಕೆ ವಹಿಸತಕ್ಕದ್ದೆಂಬುದು ಅದರ ತಾತ್ಪರ್ಯ. ಶಾಸನದಲ್ಲಿ ಅಧಿಕಾರಿಯ ಬಿರುದೊಂದು ಬದಲಾದರೆ ಆಳ್ವಿಕೆಯ ಕ್ರಮವೇ ಬದಲಾಯಿತೆಂದು ಊಹಿಸಬಲ್ಲ ಸಂಶೋಧಕರಿಗೆ ಈ ನಾಮಾಂತರವು ಅಲ್ಪವೆಂದು ತೋರಲಾರದು. ಕುಂದಾಪುರದ ನ್ಯಾಯಾಲಯ ಸಂಕೀರ್ಣವೂ ಈ ಯೋಜನೆಗೆ ಒಳಪಟ್ಟುದೇ. ಅಲ್ಲಿ ದಾವೆಯ ವಾಯಿದೆಯನ್ನು ಕೇಳುವ ಕಕ್ಷಿದಾರನಿಗೆ ಉತ್ತರ ಕೊಡುವ ಯಂತ್ರವು ಪಕ್ಕದ ಕೊಠಡಿಯಲ್ಲಿ ಇಲ್ಲದಿದ್ದರೆ ಮತ್ತೆಲ್ಲಿದೆ? ಅದೊಂದು ಪೆಟ್ಟಿಗೆಯೇ, ಪೆಟ್ಟಿಗೆಯೊಳಗಿನ ಒಂದು ಪಾಲೇ? ಪಾಲಾಗಿದ್ದಲ್ಲಿ ಅದನ್ನು ಯಾರು ಯಾವ ಹಕ್ಕಿನಿಂದ ಅನುಭವಿಸುತ್ತಿರುವರು? ಈ ಮೂರನೆಯ ಪ್ರಶ್ನೆಯೇ ಪ್ರಕೃತ ಲೇಖನದ ವಿಷಯ.

ಈ ಸೀಮೆಗೆ ವಿಭಾಗವೇನೂ ಹೊಸದಲ್ಲ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮದರಾಸಿನ ಕಡೆಗೇ ಉಳಿಯಿತು. 1997ರಲ್ಲಿ ಉಡುಪಿ ಜಿಲ್ಲೆಯು ದಕ್ಷಿಣ ಕನ್ನಡದಿಂದ ಬೇರೆಯಾಯಿತು. 2018ರಲ್ಲಿ ಕುಂದಾಪುರದಿಂದ ಬೈಂದೂರೂ ಉಡುಪಿ ತಾಲೂಕಿನಿಂದ ಬ್ರಹ್ಮಾವರವೂ ಒಡೆದು ತಾಲೂಕುಗಳೆನಿಸಿದುವು. ಹಿಂದೆ ತಾಲೂಕು ಒಡೆದರೆ ಕಚೇರಿ, ಖಜಾನೆ, ದಫ್ತರ ಎಲ್ಲವನ್ನೂ ಹಂಚಬೇಕಾಗುತ್ತಿದ್ದಿತು. ಭೂಮಿ ಯೋಜನೆಯು 2001ರ ಸುಮಾರಿಗೆ ಪಹಣಿಗಳನ್ನು ಯಂತ್ರಕ್ಕೇರಿಸಿದ ಕಾಲದಲ್ಲಿಯೂ ತಾಲೂಕಿಗೊಂದು ಸರ್ವರು ಎಂಬುದೇ ಕ್ರಮ. ಈಗಲಾದರೋ ಹೊಸ ಕಚೇರಿಗೆ ಹೊಸ ಯಂತ್ರವೇ ಬೇಕೆಂಬ ನಿರ್ಬಂಧವಿಲ್ಲ. ಎಲ್ಲಿಯೋ ಇರುವ ದೊಡ್ಡ ಯಂತ್ರದಲ್ಲಿ ಮತ್ತೊಂದು ಪಾಲನ್ನು ತೆರೆದರೆ ಸಾಕು. ಹೀಗೆ ತೆರೆದ ಪಾಲು ತಾನೇ ಪೂರ್ಣಯಂತ್ರವೆಂಬಂತೆ ನಡೆಯುವುದು. ಇದಕ್ಕೆ ಇಂಗ್ಲಿಷಿನಲ್ಲಿ ವರ್ಚುವಲ್ ಮೆಷೀನ್ ಎಂದು ಹೆಸರು.

ಪಾಲಿನ ಹಕ್ಕನ್ನು ವಿಚಾರಿಸುವುದಕ್ಕೆ ಬೇಕಾದ ಪರಿಭಾಷೆಯು ಈ ಕರಾವಳಿಯಲ್ಲಿಯೇ ಸಿದ್ಧವಾಗಿದೆ. ದಕ್ಷಿಣ ಕನ್ನಡದ ವರ್ಗದಾರನು ತನ್ನ ಭೂಮಿಯನ್ನು ಒಕ್ಕಲಿಗೆ ಎರಡು ಬಗೆಯಾಗಿ ಕೊಡುತ್ತಿದ್ದನು. ಮೂಲಗೇಣಿಯಲ್ಲಿ ಕರಾರು ಶಾಶ್ವತ. ಗೇಣಿಯ ಅಕ್ಕಿ ಇಷ್ಟು ಮುಡಿಯೆಂದು ಒಮ್ಮೆ ನಿಶ್ಚಿತವಾದ ಮೇಲೆ ಧಣಿಯು ಅದನ್ನು ಏರಿಸುವಂತಿಲ್ಲ, ಒಕ್ಕಲನ್ನು ಇಷ್ಟಬಂದಂತೆ ಎಬ್ಬಿಸುವಂತಿಲ್ಲ. ಹಕ್ಕು ಮಕ್ಕಳು ಮೊಮ್ಮಕ್ಕಳಿಗೆ ಇಳಿಯುವುದು. ಚಾಲಗೇಣಿಯಾದರೆ ಧಣಿಯ ಮರ್ಜಿ. ವರ್ಷಾಂತ್ಯದಲ್ಲಿ ಗೇಣಿ ಹೆಚ್ಚಬಹುದು, ಗದ್ದೆ ಕೈತಪ್ಪಬಹುದು. ಗದ್ದೆ ಅದೇ, ನೀರು ಅದೇ, ಉಳುವ ಕೈಯೂ ಅದೇ, ಭೇದವೆಲ್ಲ ಗೇಣಿಚೀಟಿನಲ್ಲಿ. 1974ರ ಮಾರ್ಚ್ 1ರಿಂದ ಗೇಣಿಜಮೀನುಗಳು ಸರಕಾರದಲ್ಲಿ ನಿಹಿತವಾಗಿ, ಭೂನ್ಯಾಯಮಂಡಳಿಗಳ ಮುಂದೆ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟ ವೃತ್ತಾಂತವು ಈ ಭಾಗದ ಹಿರಿಯರಿಗೆಲ್ಲ ವಿದಿತವೇ ಸರಿ. ಯಂತ್ರವಿಭಾಗದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ವಿಭಾಗದ ಚಾತುರ್ಯವನ್ನು ವರ್ಣಿಸಿ ಚೀಟಿನ ಮಾತನ್ನು ಬಿಟ್ಟುಬಿಡುವರು. ಇಂಗ್ಲಿಷಿನಲ್ಲಿಯೂ ಇಂತಹ ಪಾಲನ್ನು ಹಿಡಿದವನಿಗೆ ಟೆನೆಂಟ್, ಎಂದರೆ ಒಕ್ಕಲು, ಎಂದೇ ಹೆಸರಾಗಿರುವುದನ್ನು ಗಮನಿಸಿದರೆ ಆ ಮೌನವು ಆಶ್ಚರ್ಯಕರ.

ವಿದ್ಯೆಯ ಮೂಲವನ್ನು ಮೊದಲು ನೋಡತಕ್ಕದ್ದು. ಗಣಕದ ಸ್ಮೃತಿ, ಸಂಸ್ಕಾರಕ, ತಟ್ಟೆ ಇವುಗಳನ್ನು ಕಾರ್ಯಕ್ರಮಗಳಿಗೆ ಹಂಚಿಕೊಡುವ ಮೇಲ್ವಿಚಾರಕ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ದೇವಸ್ಥಾನದ ಪಾರುಪತ್ಯಗಾರನೆಂದು ಭಾವಿಸಿದರೆ ಅರ್ಥವಾಗುವುದು. ಒಂದೇ ಯಂತ್ರದಲ್ಲಿ ಹಲವು ಪಾರುಪತ್ಯಗಾರರು, ತಮ್ಮ ತಮ್ಮದು ಸ್ವತಂತ್ರ ದೇವಸ್ಥಾನವೆಂದು ತಿಳಿದುಕೊಂಡೇ, ಕೆಲಸಮಾಡುವಂತೆ ಮಾಡುವ ಮೇಲಧಿಕಾರಿಗೆ ಹೈಪರ್‌ವೈಸರ್ ಎನ್ನುವರು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ಪಟ್ಟಣದಲ್ಲಿದ್ದ ಐ.ಬಿ.ಎಂ. ವಿಜ್ಞಾನಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೊಮೊ ಮುಂತಾದವರು ನಿರ್ಮಿಸಿದ ಸಿಪಿ-40 ಎಂಬುದು 1967ರ ಜನವರಿಯಲ್ಲಿ ಕಾರ್ಯಕ್ಕೆ ಇಳಿಯಿತು. ಒಂದು ಯಂತ್ರ, ಅದರಲ್ಲಿ ಏಕಕಾಲಕ್ಕೆ 14 ಕಲ್ಪಿತಯಂತ್ರಗಳು. 1972ರಲ್ಲಿ ಇದರ ವಂಶಸ್ಥವಾದ ವಿಎಂ/370 ಮಾರಾಟಕ್ಕೆ ಬಂದಿತು. ಯಂತ್ರವು ಬಹುಮೂಲ್ಯವಾಗಿದ್ದುದರಿಂದ ಅದನ್ನು ಹಂಚಿಕೊಳ್ಳುವುದು ಅನಿವಾರ್ಯವಾಗಿತ್ತೆಂಬುದೇ ಇದಕ್ಕೆ ಕಾರಣ. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇದಕ್ಕೆ ಲಕ್ಷಣಗ್ರಂಥವೆನ್ನಬಹುದಾದ ಪ್ರಬಂಧವನ್ನು ಬರೆದರು. ಅತಿಥಿಯಾದ ವ್ಯವಸ್ಥೆಯು ನಿಜಯಂತ್ರದಲ್ಲಿ ನಡೆಯುವಂತೆಯೇ ನಡೆಯಬೇಕು; ಸಂಪನ್ಮೂಲದ ಹಿಡಿತವು ಮೇಲಧಿಕಾರಿಯ ಕೈಯಲ್ಲಿಯೇ ಇರಬೇಕು; ಬಹುಪಾಲು ಆಜ್ಞೆಗಳು ನಡುವೆ ಯಾರ ತಡೆಯೂ ಇಲ್ಲದೆ ನೇರವಾಗಿ ಸಂಸ್ಕಾರಕದಲ್ಲಿ ನಡೆಯಬೇಕು ಎಂಬುದು ಅವರು ಹೇಳಿದ ಲಕ್ಷಣತ್ರಯ.

ಇಲ್ಲಿ ಹೆಸರಿನ ಮಾತೊಂದನ್ನು ಹೇಳದಿದ್ದರೆ ಲೋಪವಾದೀತು. ಕನ್ನಡದಲ್ಲಿ ವರ್ಚುವಲ್ ಎಂಬುದಕ್ಕೆ ‘ಮಿಥ್ಯಾ’ ಎಂಬ ಶಬ್ದವನ್ನು ಹಚ್ಚುವ ರೂಢಿ ಹಬ್ಬಿದೆ. ಇದು ಸಾಧುವಲ್ಲ. ಆ ಇಂಗ್ಲಿಷ್ ಪದವು ಸಾಮರ್ಥ್ಯ, ಪೌರುಷ ಎಂಬರ್ಥದ ಲ್ಯಾಟಿನ್ ‘ವಿರ್ಟುಸ್’ ಶಬ್ದದಿಂದ ಬಂದುದು; ಅದರ ಮೂಲವಾದ ‘ವಿರ್’ ಎಂಬುದು ಸಂಸ್ಕೃತದ ‘ವೀರ’ ಶಬ್ದಕ್ಕೆ ಸೋದರ. ರೂಪದಿಂದ ಅಲ್ಲದಿದ್ದರೂ ಶಕ್ತಿಯಿಂದ ಅದೇ ಆಗಿರುವುದು ಎಂಬುದು ಪದದ ಅಭಿಪ್ರಾಯವೇ ಹೊರತು ಸುಳ್ಳು ಎಂಬುದಲ್ಲ. ಶುಕ್ತಿಯಲ್ಲಿ ತೋರಿದ ರಜತದಿಂದ ಬಳೆಯನ್ನು ಮಾಡಿಸಲಾಗದು. ಈ ಯಂತ್ರದಿಂದಲಾದರೋ ಲೆಕ್ಕವೂ ನಡೆಯುವುದು, ತೀರ್ಪೂ ಹೊರಡುವುದು. ಆದಕಾರಣ ಇಲ್ಲಿ ‘ಕಲ್ಪಿತಯಂತ್ರ’ವೆಂದು, ರಚಿತವಾದುದು ಎಂಬ ಅರ್ಥದಲ್ಲಿ, ಬಳಸಲಾಗಿದೆ. ಏಕವಾದ ಆಕಾಶವು ಘಟವೆಂಬ ಉಪಾಧಿಯಿಂದ ಅನೇಕವಾಗಿ ತೋರುವುದೆಂಬ ಅದ್ವೈತಿಗಳ ದೃಷ್ಟಾಂತವು ಇದಕ್ಕೆ ಒಪ್ಪುವಂತೆ ಕಾಣುವುದಾದರೂ, ಉಡುಪಿಯ ನೆರೆಯಲ್ಲಿ ಆ ಮಾತನ್ನು ಎಚ್ಚರದಿಂದ ಆಡಬೇಕು. ಉಪಾಧಿಯು ಇರುವ ಭೇದವನ್ನು ತಿಳಿಸುವುದೇ ಹೊರತು ಇಲ್ಲದ ಭೇದವನ್ನು ಹುಟ್ಟಿಸಲಾರದೆಂದು ಶ್ರೀಮಧ್ವಾಚಾರ್ಯರು ‘ಉಪಾಧಿಖಂಡನ’ದಲ್ಲಿ ವಾದಿಸಿರುವರು. ಯಂತ್ರದ ಚರಿತ್ರೆಯಲ್ಲಿ ಈ ಎರಡು ಪಕ್ಷಗಳೂ ಒಂದರ ಮೇಲೊಂದು ಬಂದುವೆಂಬುದು ಮುಂದೆ ಕಾಣುವುದು.

1980ರ ದಶಕದಲ್ಲಿ ಸಣ್ಣ ಯಂತ್ರಗಳು ಅಗ್ಗವಾದುವು. ಹಂಚಿಕೊಳ್ಳುವ ವಿದ್ಯೆಯು ದೊಡ್ಡ ಯಂತ್ರಗಳೊಡನೆ ಮೂಲೆ ಸೇರಿತು. ಕೆಲಸಕ್ಕೊಂದು ಪೆಟ್ಟಿಗೆಯಿಡುವ ಅಭ್ಯಾಸವು ಬೆಳೆದು, ಸಹಸ್ತಮಾನದ ಕೊನೆಯ ವೇಳೆಗೆ ಪೆಟ್ಟಿಗೆಗಳು ಹೆಚ್ಚು, ಅವುಗಳಿಗೆ ಕೆಲಸ ಕಡಿಮೆ ಎಂಬ ಸ್ಥಿತಿ ಒದಗಿತು. ಮರಳಿ ಹಂಚಿಕೊಳ್ಳೋಣವೆಂದರೆ ಆ ಅಗ್ಗದ ಯಂತ್ರಗಳ ಎಕ್ಸ್86 ಎಂಬ ಸಂಸ್ಕಾರಕಗಳು ಅದಕ್ಕೆ ಯೋಗ್ಯವಾಗಿರಲಿಲ್ಲ. ಅಧಿಕಾರಿ ಮಾತ್ರ ಮಾಡಬಹುದಾದ ಕೆಲಸವನ್ನು ಅತಿಥಿಯು ಮಾಡಹೋದರೆ ಯಂತ್ರವು ತಡೆದು ಮೇಲಧಿಕಾರಿಗೆ ವರದಿಮಾಡಬೇಕಷ್ಟೆ. ಪೆಂಟಿಯಂ ಸಂಸ್ಕಾರಕದಲ್ಲಿ ಹಾಗೆ ವರದಿ ಮಾಡದೆ ಮೌನವಾಗಿ ಬೇರೊಂದು ಫಲವನ್ನು ಕೊಟ್ಟುಬಿಡುವ ಆಜ್ಞೆಗಳು 17 ಉಂಟೆಂದು 2000ದಲ್ಲಿ ಪ್ರಕಟವಾದ ಪರಿಶೀಲನೆಯೊಂದು ಎಣಿಸಿ ತೋರಿಸಿತು. 1998ರಲ್ಲಿ ಸ್ಥಾಪಿತವಾದ ವಿ.ಎಂ.ವೇರ್ ಸಂಸ್ಥೆಯು ಅತಿಥಿಯ ಆಜ್ಞೆಗಳನ್ನು ನಡೆಯುತ್ತಿರುವಾಗಲೇ ತಿದ್ದಿ ಬರೆಯುವ ಉಪಾಯದಿಂದ ಈ ಕಷ್ಟವನ್ನು ದಾಟಿತು. ಉಪಾಯವು ಅದ್ಭುತವೇ, ಆದರೆ ಅದರ ಮೂಲಪಾಠವು ಮುಚ್ಚಿದ ಗ್ರಂಥ.

ಮುಕ್ತಪಾಠವುಳ್ಳ ಲಿನಕ್ಸ್ ವ್ಯವಸ್ಥೆಯ ಕಡೆಗೆ ಈಗ ತಿರುಗಬಹುದು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, 1992ರಲ್ಲಿ ಜಿ.ಪಿ.ಎಲ್. ಎಂಬ ಹಕ್ಕುಪತ್ರದಡಿ ತಂದ ಈ ತಂತ್ರಾಂಶದ ಮೂಲವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ ಪ್ರತಿಯನ್ನು ಹಂಚುವಾಗ ಅದೇ ಹಕ್ಕುಗಳನ್ನು ಮುಂದಿನವನಿಗೂ ಕೊಡತಕ್ಕದ್ದು. ಒಂದೊಂದು ತಿದ್ದುಪಡಿಯೂ ತಿದ್ದಿದವನ ಹೆಸರು, ದಿನಾಂಕ, ಕಾರಣ ಇವುಗಳೊಡನೆ ದಾಖಲಾಗುವುದು. ಓಲೆಗರಿಯ ಪ್ರತಿಗಳನ್ನು ಕೂಡಿಸಿ ಪಾಠಾಂತರಗಳನ್ನು ನಿರ್ಣಯಿಸುವವರಿಗೆ ಲಿಪಿಕಾರನು ಇಷ್ಟು ಪ್ರಾಮಾಣಿಕನಾಗಿದ್ದಿದ್ದರೆ ಎಷ್ಟು ಶ್ರಮವು ಉಳಿಯುತ್ತಿತ್ತು! 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಕ್ಸೆನ್ ಎಂಬ ಮುಕ್ತ ಹೈಪರ್‌ವೈಸರ್ ಹೊರಟಿತು. ಎರಡು ಕೇಂಬ್ರಿಜ್‌ಗಳು ಮೂವತ್ತಾರು ವರ್ಷಗಳ ಅಂತರದಲ್ಲಿ ಒಂದೇ ವಿದ್ಯೆಗೆ ತವರಾದುದು ಕಾಕತಾಳೀಯ. ಅತಿಥಿಗೆ ‘ನೀನು ಅತಿಥಿ’ ಎಂದು ಮೊದಲೇ ತಿಳಿಸಿ, ಆ 17 ಆಜ್ಞೆಗಳನ್ನು ಅವನು ತಾನಾಗಿಯೇ ಬಿಡುವಂತೆ ಅವನ ಪಾಠವನ್ನು ತಿದ್ದುವುದು ಕ್ಸೆನ್‌ನ ಮಾರ್ಗ. ಅತಿಥಿಯ ಮೂಲಪಾಠವು ತೆರೆದಿದ್ದುದರಿಂದಲೇ ಈ ಮಾರ್ಗವು ಸುಲಭಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ಇಲ್ಲಿಯವರೆಗೆ ಭೇದವು ಉಪಾಧಿಜನ್ಯ. ಸಂಸ್ಕಾರಕಕ್ಕೆ ಅತಿಥಿ-ಆತಿಥೇಯ ವಿವೇಕವಿರಲಿಲ್ಲ. 2005ರ ಕೊನೆಯಲ್ಲಿ ಇಂಟೆಲ್, 2006ರಲ್ಲಿ ಎ.ಎಂ.ಡಿ. ಸಂಸ್ಥೆಗಳು ಆ ಭೇದವನ್ನು ಸಂಸ್ಕಾರಕದಲ್ಲಿಯೇ ಕೆತ್ತಿಬಿಟ್ಟುವು. ಇದರ ಬೆನ್ನಲ್ಲೇ, 2006ರ ಅಕ್ಟೋಬರಿನಲ್ಲಿ, ಇಸ್ರೇಲಿನ ಕುಮ್ರಾನೆಟ್ ಸಂಸ್ಥೆಯ ಅವಿ ಕಿವಿಟಿಯು ಕೆ.ವಿ.ಎಂ. ಎಂಬ ಸಣ್ಣ ತಂತ್ರಾಂಶವನ್ನು ಲಿನಕ್ಸಿಗೆ ಅರ್ಪಿಸಿದನು. ಪ್ರತ್ಯೇಕ ಮೇಲಧಿಕಾರಿಯನ್ನು ನೇಮಿಸದೆ ಲಿನಕ್ಸಿನ ಹೃದಯವಾದ ಕರ್ನೆಲನ್ನೇ ಮೇಲಧಿಕಾರಿಯನ್ನಾಗಿ ಮಾಡಿದುದು ಇದರ ಹೆಚ್ಚಳ. ಕಲ್ಪಿತಯಂತ್ರವು ಇಲ್ಲಿ ಉಳಿದ ಕಾರ್ಯಕ್ರಮಗಳಂತೆ ಒಂದು ಕಾರ್ಯಕ್ರಮವಷ್ಟೆ. ಸರತಿ, ಸ್ಮೃತಿ, ರಕ್ಷಣೆಗಳಿಗಾಗಿ ಲಿನಕ್ಸ್ ಹಿಂದೆಯೇ ಗಳಿಸಿದ್ದ ವಿದ್ಯೆಯೆಲ್ಲವೂ ಅದಕ್ಕೆ ಪುಕ್ಕಟೆ ಸಲ್ಲುವುದು. ತಟ್ಟೆ, ಜಾಲ ಮುಂತಾದ ಉಪಕರಣಗಳ ವೇಷವನ್ನು ಫಾಬ್ರಿಸ್ ಬೆಲಾರ್ಡನ ಕ್ಯೂಎಮು ಎಂಬ ಮತ್ತೊಂದು ಮುಕ್ತ ತಂತ್ರಾಂಶವು ತೊಟ್ಟುಕೊಟ್ಟಿತು. ಕೆಲವೇ ತಿಂಗಳೊಳಗೆ, 2007ರ ಫೆಬ್ರವರಿಯಲ್ಲಿ ಹೊರಟ 2.6.20ನೆಯ ಆವೃತ್ತಿಯಲ್ಲಿ, ಕೆ.ವಿ.ಎಂ. ಮೂಲಪಾಠಕ್ಕೆ ಸೇರಿಹೋಯಿತು. ಕ್ಸೆನ್ ಆತಿಥೇಯದ ಪೂರ್ಣಭಾಗವು ಅದೇ ಪಾಠವನ್ನು ಸೇರಲು 2011ರವರೆಗೆ ಕಾಯಬೇಕಾಯಿತು. 2008ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಕುಮ್ರಾನೆಟ್ಟನ್ನು 10 ಕೋಟಿ 70 ಲಕ್ಷ ಡಾಲರಿಗೆ ಕೊಂಡಿತು. ಸಂಸ್ಥೆ ಕೈಬದಲಾಯಿತು, ಆದರೆ ಕೆ.ವಿ.ಎಂ. ಪಾಠದ ಮೇಲಿನ ಲೋಕದ ಹಕ್ಕು ಬದಲಾಗಲಿಲ್ಲ. ಮೂಲಗೇಣಿಯ ಲಕ್ಷಣವು ಇದುವೇ.

ಈ ಪಾಠನಿರ್ಮಾಣದಲ್ಲಿ ಕರ್ಣಾಟಕದ ಪಾಲು ಸಣ್ಣದಲ್ಲ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ತೊಡಗಿ, 2005ರಿಂದ ಫಾಸ್.ಇನ್ ಎಂದು ಕರೆಯಲ್ಪಟ್ಟು, 2012ರವರೆಗೆ ಬೆಂಗಳೂರಿನಲ್ಲಿ ನಡೆದ ಸಮ್ಮೇಳನವು ಪಾಠವನ್ನು ಓದುವವರನ್ನು ಪಾಠಕರ್ತರನ್ನಾಗಿ ಮಾಡಲು ಬಯಸಿತು. ಬೆಂಗಳೂರಿನ ಐ.ಬಿ.ಎಂ. ಲಿನಕ್ಸ್ ಕೇಂದ್ರದವರ ಕೃತಿಯು ಇನ್ನೂ ಮಹತ್ತ್ವದ್ದು. ಕಾರ್ಯಕ್ರಮಗಳನ್ನು ಗುಂಪುಗೂಡಿಸಿ ಗುಂಪಿಗೆ ಇಷ್ಟೇ ಪಾಲೆಂದು ಗೊತ್ತುಪಡಿಸುವ ಏರ್ಪಾಟು 2008ರ ಜನವರಿಯ 2.6.24ನೆಯ ಆವೃತ್ತಿಯಲ್ಲಿ ಬಂದಿತು. ಸಂಸ್ಕಾರಕದ ಕಾಲವನ್ನು ಗುಂಪುಗಳಿಗೆ ನ್ಯಾಯವಾಗಿ ಹಂಚುವ ಭಾಗವು ಶ್ರೀವತ್ಸ ವಡ್ಡಗಿರಿಯವರದು. ಅದೇ ವರ್ಷದ 2.6.25ನೆಯ ಆವೃತ್ತಿಯಲ್ಲಿ ಸೇರಿದ, ಗುಂಪಿನ ಸ್ಮೃತಿಗೆ ಮಿತಿಯನ್ನಿಡುವ ಭಾಗವು ಮುಖ್ಯವಾಗಿ ಬಲ್ಬೀರ್ ಸಿಂಗರದು. ಲೋಕವು ಈಗ ಕಂಟೇನರ್ ಎಂದು ಕೊಂಡಾಡುವ ವಸ್ತುವಿಗೆ ಆಧಾರಸ್ತಂಭಗಳು ಇವೇ. ಕಲ್ಪಿತಯಂತ್ರದಲ್ಲಿ ಪಾಲಿಗೊಬ್ಬ ಪಾರುಪತ್ಯಗಾರನಿರುವನು. ಕಂಟೇನರಿನಲ್ಲಿ ಎಲ್ಲ ಪಾಲುಗಳಿಗೂ ಪಾರುಪತ್ಯಗಾರನೊಬ್ಬನೇ, ನಡುವೆ ತಟ್ಟಿಯ ಮರೆಯಷ್ಟೆ. ಒಂದು ಮನೆಯೊಳಗೆ ಬೇರೆ ಬೇರೆ ಒಲೆಗಳಿಗೂ ಒಂದೇ ಒಲೆಯ ಬೇರೆ ಬೇರೆ ಎಲೆಗಳಿಗೂ ಇರುವ ಅಂತರವಿದು. ಡಾಕರ್ ಎಂಬ ಸಾಧನವು 2013ರಲ್ಲಿ ಇದನ್ನು ಸರ್ವಜನಸುಲಭವಾಗಿ ಮಾಡಿತು; ಹೆಸರು ಬಂದುದು ಅದಕ್ಕೆ, ಅಡಿಗಲ್ಲಿಟ್ಟವರನ್ನು ನೆನೆಯುವವರು ಕಡಿಮೆ.

2013ರಲ್ಲಿಯೇ ಅದೇ ಕೇಂದ್ರದ ರಾಘವೇಂದ್ರ ಕೆ. ಟಿ. ಮತ್ತು ವಡ್ಡಗಿರಿಯವರು ಕೆ.ವಿ.ಎಂ.ಗೆ ಸೇರಿಸಿದ ಭಾಗವೊಂದು ವಿಶೇಷ ವಿವರಣೆಗೆ ಅರ್ಹ. ಕಣಜದ ಬೀಗದ ಕೈಯನ್ನು ಹಿಡಿದವನು ನಿದ್ದೆಹೋದರೆ ಬಾಗಿಲಲ್ಲಿ ನಿಂತವರೆಲ್ಲ ಸುಮ್ಮನೆ ಕಾಯಬೇಕಾಗುವುದು. ಕಲ್ಪಿತಯಂತ್ರದಲ್ಲಿ ಈ ಆಪತ್ತು ಸಹಜ. ಬೀಗ ಹಿಡಿದ ಕಲ್ಪಿತ ಸಂಸ್ಕಾರಕವನ್ನು ಮೇಲಧಿಕಾರಿಯು ತಿಳಿಯದೆ ಸರತಿಯಿಂದ ಇಳಿಸಿದರೆ, ಉಳಿದವು ಒಂದೇ ಸಮನೆ ‘ತೆರೆಯಿತೇ, ತೆರೆಯಿತೇ’ ಎಂದು ಕೇಳುತ್ತ ನಿಜಯಂತ್ರದ ಕಾಲವನ್ನು ಹಾಳುಮಾಡುವುವು. ಬೀಗಕ್ಕೆ ಸರತಿಯ ಚೀಟಿಯಿದ್ದರಂತೂ ಮುಂದಿನ ಚೀಟಿಯವನೂ ಮಲಗಿರುವ ಸಂಭವವುಂಟು. ಸ್ವಲ್ಪ ಹೊತ್ತು ಕಾದರೂ ಬೀಗ ದೊರೆಯದಿದ್ದರೆ ಅತಿಥಿಯು ಮೇಲಧಿಕಾರಿಗೆ ತಿಳಿಸಿ ತಾನೂ ಮಲಗುವುದು, ಬೀಗವನ್ನು ಬಿಡುವವನು ಸರಿಯಾದ ಚೀಟಿಯವನನ್ನೇ ಎಬ್ಬಿಸುವುದು: ಇದು ಅವರು ಏರ್ಪಡಿಸಿದ ಪರಿಹಾರ. ಎರಡು ವರ್ಷಗಳೊಳಗೆ ಬೇರೊಬ್ಬರ ಬೇರೊಂದು ಬಗೆಯ ಬೀಗವು ಇದರ ಸ್ಥಳಕ್ಕೆ ಬಂದಿತು. ಮುಕ್ತಪಾಠದಲ್ಲಿ ಉತ್ತಮವಾದುದಕ್ಕೆ ಮಧ್ಯಮವು ಎಡೆಗೊಡುವುದೇ ಧರ್ಮವಾದ್ದರಿಂದ ಇದರಲ್ಲಿ ವಿಷಾದಕ್ಕೆ ಕಾರಣವಿಲ್ಲ.

ಇನ್ನು ಪೂರ್ವಪಕ್ಷ. ತೆರೆದ ಪಾಠದಲ್ಲಿ ಗೋಡೆಗಳು ದುರ್ಬಲವಲ್ಲವೇ ಎಂದು ಕೇಳುವವರುಂಟು. 2015ರ ಮೇ ತಿಂಗಳಲ್ಲಿ ಬಯಲಾದ ‘ವೆನಮ್’ ಎಂಬ ದೋಷವು ಅವರಿಗೆ ಒಳ್ಳೆಯ ಸಾಕ್ಷಿ. ಯಾರೂ ಬಳಸದ ಫ್ಲಾಪಿ ತಟ್ಟೆಯ ವೇಷವೊಂದು 2004ರಿಂದ ಕ್ಯೂಎಮುವಿನಲ್ಲಿ ಉಳಿದುಕೊಂಡಿತ್ತು; ಅದರ ಬಿರುಕಿನ ಮೂಲಕ ಅತಿಥಿಯು ತನ್ನ ಪಾಲನ್ನು ದಾಟಿ ಆತಿಥೇಯನ ಮನೆಗೆ ನುಗ್ಗಬಹುದಾಗಿತ್ತು. ಹನ್ನೊಂದು ವರ್ಷ ಎಲ್ಲರ ಕಣ್ಣಮುಂದಿದ್ದೂ ಯಾರೂ ಕಾಣಲಿಲ್ಲವೆಂಬುದು ನಿಜ. ತೆರೆದಿರುವುದು ಬೇರೆ, ಓದಲ್ಪಡುವುದು ಬೇರೆ. ಆದರೆ ಗೋಡೆಯ ದುರ್ಬಲತೆಯು ಮುಚ್ಚಿದ ಗ್ರಂಥಗಳಿಗೂ ಸಮಾನ. 2018ರ ಜನವರಿಯಲ್ಲಿ ಪ್ರಕಟವಾದ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ಎಂಬ ದೋಷಗಳು ಸಂಸ್ಕಾರಕದಲ್ಲಿಯೇ ಇದ್ದು, ಮೇಲಿನ ತಂತ್ರಾಂಶ ಯಾರದಾದರೂ ಬಾಧಿಸಿದುವು. ಆದುದರಿಂದ ಈ ಆಕ್ಷೇಪವು ಹೆಚ್ಚು ದೂರ ಹೋಗದು.

ಚೀಟಿನ ಪ್ರಶ್ನೆಗೆ ನಿರ್ಣಾಯಕ ದೃಷ್ಟಾಂತವು 2023ರಲ್ಲಿ ದೊರೆಯಿತು. ಆ ವರ್ಷದ ನವೆಂಬರ್ 22ರಂದು ಬ್ರಾಡ್‌ಕಾಮ್ ಸಂಸ್ಥೆಯು ಸುಮಾರು 6,900 ಕೋಟಿ ಡಾಲರಿನ ವ್ಯವಹಾರದಲ್ಲಿ ವಿ.ಎಂ.ವೇರನ್ನು ವಶಪಡಿಸಿಕೊಂಡಿತು. ಮರುತಿಂಗಳೇ, ಒಮ್ಮೆ ಹಣಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ, ಕಾಲಕಾಲಕ್ಕೆ ಚಂದಾ ತೆರುವ ಕ್ರಮವೊಂದನ್ನೇ ಉಳಿಸಿತು. ಮೂಲಗೇಣಿಯನ್ನು ತೆಗೆದು ಚಾಲಗೇಣಿ ಮಾತ್ರವೆಂದು ಸಾರಿದಂತಾಯಿತು. ಹಿಂದೆ ಕೊಂಡವರ ಪ್ರತಿಗಳು ಅವರಲ್ಲಿಯೇ ಉಳಿದುವೆಂಬುದು ದಿಟ. ಆದರೆ ದುರಸ್ತಿಯಿಲ್ಲದ ಕಟ್ಟದ ಗದ್ದೆಯನ್ನು ಎಷ್ಟು ಮಳೆಗಾಲ ಉಳಬಹುದು? ಕೆ.ವಿ.ಎಂ. ಆಧಾರದ ವ್ಯವಸ್ಥೆಗಳಿಗೆ ಒಕ್ಕಲೆದ್ದು ಹೋಗುವ ವಿಚಾರವು ಅನೇಕ ಸಂಸ್ಥೆಗಳಲ್ಲಿ ಆಗ ಮೊದಲಾಯಿತು.

ಲಿನಕ್ಸಿಗೂ ಇದೇ ಗತಿ ಬರಲಾರದೇ? ರೆಡ್ ಹ್ಯಾಟ್ 2020ರ ಡಿಸೆಂಬರಿನಲ್ಲಿ ಸೆಂಟ್‌ಓಎಸ್ 8ರ ಆಯುಷ್ಯವನ್ನು ಮರುವರ್ಷದ ಕೊನೆಗೇ ಮುಗಿಸುವೆನೆಂದು ಸಾರಿದುದನ್ನೂ, 2023ರ ಜೂನಿನಲ್ಲಿ ತನ್ನ ಆವೃತ್ತಿಯ ಮೂಲಪಾಠವನ್ನು ಸಾರ್ವಜನಿಕವಾಗಿ ಇಡುವ ರೂಢಿಯನ್ನು ಕುಗ್ಗಿಸಿದುದನ್ನೂ ಎತ್ತಿತೋರಿಸಬಹುದು. ಇವು ಧಣಿಯ ಮರ್ಜಿಯ ಲಕ್ಷಣಗಳೇ ಸರಿ. ಆದರೆ ಅಲ್ಲಿ ಕೈತಪ್ಪಿದುದು ಒಂದು ಮನೆತನದ ಕಟ್ಟು, ಒಂದು ಮನೆತನದ ಸೇವೆ, ಕರ್ನೆಲೂ ಕೆ.ವಿ.ಎಂ.ಮೂ ಅಲ್ಲ. ಕರ್ನೆಲಿನ ಕೃತಿಸ್ವಾಮ್ಯವು ಸಾವಿರಾರು ಮಂದಿಯಲ್ಲಿ ಹರಿದುಹಂಚಿಹೋಗಿದೆ. ಬೆಂಗಳೂರಿನಲ್ಲಿ ಬರೆಯಲ್ಪಟ್ಟ ಸಾಲುಗಳೂ ಅದರಲ್ಲಿ ಸೇರಿವೆ. ಇಷ್ಟು ಮಂದಿ ವರ್ಗದಾರರು ಏಕಕಂಠದಿಂದ ಒಪ್ಪದ ಹೊರತು ಚೀಟು ಬದಲಾಗದು, ಒಪ್ಪುವುದು ಅಸಂಭವ. ವಿಭಕ್ತವಾದ ಒಡೆತನವು ಕೃಷಿಯಲ್ಲಿ ದುರ್ಬಲತೆಯೆನಿಸಿದರೂ ಇಲ್ಲಿ ಒಕ್ಕಲಿಗೆ ಕೋಟೆಯಾಯಿತು.

ನ್ಯಾಯಾಲಯಗಳ ವಿಷಯಕ್ಕೆ ಮರಳಿದರೆ, ಅವುಗಳ ಗಣಕೀಕರಣವು ಮುಕ್ತ ತಂತ್ರಾಂಶದ ಅಡಿಪಾಯದ ಮೇಲೆ, ಉಬುಂಟು ಎಂಬ ಲಿನಕ್ಸ್ ಆವೃತ್ತಿಯೊಡನೆ, ನಡೆದುದು ದೂರದೃಷ್ಟಿಯ ಕಾರ್ಯವೆಂದೇ ಹೇಳಬೇಕು. ಕೇಂದ್ರ ಸರಕಾರವು ಮುಕ್ತ ತಂತ್ರಾಂಶದ ಸ್ವೀಕಾರಕ್ಕೆ ನೀತಿಯನ್ನು ಪ್ರಕಟಿಸಿದುದು 2015ರಲ್ಲಿ. ನ್ಯಾಯಾಂಗವು ಅದಕ್ಕೆ ಮೊದಲೇ ಆ ದಾರಿಯನ್ನು ಹಿಡಿದಿತ್ತು. ಆದರೆ ಪಾಠವು ಮೂಲಗೇಣಿಯದಾದರೂ ಪಾಠವು ನಡೆಯುವ ಯಂತ್ರದ ಪಾಲು ಯಾವ ಗೇಣಿಯದು ಎಂಬುದು ಬೇರೆಯೇ ಪ್ರಶ್ನೆ. ವರ್ತಕರ ಕ್ಲೌಡಿನಲ್ಲಿ ಹಿಡಿದ ಪಾಲು, ಅದರೊಳಗೆ ಓಡುವುದು ಲಿನಕ್ಸೇ ಆಗಿದ್ದರೂ, ಶುದ್ಧ ಚಾಲಗೇಣಿ. ರಾಷ್ಟ್ರೀಯ ಸೂಚನಾವಿಜ್ಞಾನ ಕೇಂದ್ರವು 2014ರಲ್ಲಿ ತೆರೆದ ಸರಕಾರಿ ಕ್ಲೌಡಿನಲ್ಲಿ ಧಣಿಯೂ ಒಕ್ಕಲೂ ಒಂದೇ ರಾಜ್ಯಾಂಗದ ಅಂಗಗಳಾದುದರಿಂದ ಆ ಭಯವು ಕಡಿಮೆ. ಉಳಿಯುವುದು ದಾರಿಯ ಭಯ. ಕೊಠಡಿಯಲ್ಲಿ ಸರ್ವರಿದ್ದಾಗ ಹೊರಗಿನ ತಂತಿ ಕಡಿದರೂ ಒಳಗಿನ ಕೆಲಸವು ನಡೆಯುತ್ತಿದ್ದಿತು. ನೆಟ್‌ವರ್ಕ್ ಕೊಠಡಿಗೆ ತಂತಿಯೇ ಪ್ರಾಣ. ಜಡಿಮಳೆಯ ಆಷಾಢದಲ್ಲಿ ಘಟ್ಟದ ಕೆಳಗಣ ತಂತಿಗಳ ಅವಸ್ಥೆಯನ್ನು ಬಲ್ಲವರು 2014ರ ವಿಧಿಯನ್ನು ಓದುವಾಗ ಈ ಅಂಶವನ್ನು ಗಮನಿಸದಿರಲಾರರು.

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವಸಂಪುಟವು 7,210 ಕೋಟಿ ರೂಪಾಯಿಗಳ ಮೂರನೆಯ ಹಂತಕ್ಕೆ ಸಮ್ಮತಿಯಿತ್ತಿತು. ಹೊಸ ದಾವೆಗಳಲ್ಲದೆ ನ್ಯಾಯಾಲಯಗಳ ಹಳೆಯ ದಫ್ತರಗಳನ್ನೂ ಯಂತ್ರಕ್ಕೇರಿಸುವುದು ಅದರ ಉದ್ದೇಶಗಳಲ್ಲೊಂದು. ಈ ಜಿಲ್ಲೆಯ ಹಳೆಯ ದಫ್ತರಗಳೆಂದರೆ ಬಹುವಾಗಿ ಗೇಣಿಯ ದಾವೆಗಳು, ಮೂಲಗೇಣಿಯ ಪತ್ರಗಳು, ಚಾಲಗೇಣಿಯ ತಕರಾರುಗಳು. ಅವು ಇನ್ನು ಮುಂದೆ ಇಂತಹ ಕಲ್ಪಿತಯಂತ್ರಗಳ ಪಾಲುಗಳಲ್ಲಿಯೇ ಇರತಕ್ಕವು.